ತೊಡೆಯ ಮೇಲೆ ನಿಲ್ಲುವ ಪೊಟ್ಟಣ: ರೈಲ್ವೆಯವರಿಗೂ ಹೋಟೆಲಿನವರಿಗೂ ಒಂದು ಬಹಿರಂಗ ಪತ್ರ

ನೈಋತ್ಯ ರೈಲ್ವೆ ಮೈಸೂರು ವಿಭಾಗದ ವಿಭಾಗೀಯ ವ್ಯವಸ್ಥಾಪಕರಾದ ಡಿಆರ್‌ಎಂ ಸಾಹೇಬರಿಗೆ, ಹಾಗೂ ಮೈಸೂರು, ಮಂಡ್ಯ ಸ್ಟೇಷನ್ನುಗಳ ಸುತ್ತಮುತ್ತ ತಿಂಡಿ ಕಟ್ಟಿಕೊಡುವ ಎಲ್ಲ ಹೋಟೆಲಿನವರಿಗೆ ನಮಸ್ಕಾರ.

ನಾನು ಮಂಡ್ಯದವಳು. ಕೆಲಸ ಮೈಸೂರಿನಲ್ಲಿ. ಒಂಬತ್ತು ವರ್ಷದಿಂದ ಪಾಸಿನಲ್ಲಿ ಓಡಾಡುತ್ತಿದ್ದೇನೆ. ಹೋಗುವ 45 ಕಿಲೋಮೀಟರಿನಲ್ಲಿ ತಿಂಡಿ, ಬರುವ 45 ಕಿಲೋಮೀಟರಿನಲ್ಲಿ ನಿದ್ದೆ. ನನ್ನಂಥವರು ಬೋಗಿಗೆ ಇಪ್ಪತ್ತು ಮಂದಿಯಾದರೂ ಸಿಗುತ್ತಾರೆ. ಮನೆಯಲ್ಲಿ ಮಕ್ಕಳ ಡಬ್ಬಿ ಕಟ್ಟಿ, ಗಂಡನ ಡಬ್ಬಿ ಕಟ್ಟಿ, ನಮ್ಮದನ್ನು ಮಾತ್ರ ಸ್ಟೇಷನ್ ಎದುರು ಪಾರ್ಸಲ್ ಕಟ್ಟಿಸಿಕೊಂಡು ಓಡಿಬಂದು ಹತ್ತುವವರು. ಈ ಪತ್ರ ಆ ಪಾರ್ಸಲ್ ಬಗ್ಗೆ.

ಮೊದಲು ಒಂದು ಸೋಮವಾರದ ಕಥೆ ಹೇಳಿಬಿಡುತ್ತೇನೆ. ನನ್ನ ಎದುರಿಗೆ ಒಬ್ಬ ಹುಡುಗ ಕೂತಿದ್ದ. ಬಿಳಿ ಶರ್ಟು, ತೊಡೆಯ ಮೇಲೆ ಫೈಲು. ಇಂಟರ್‌ವ್ಯೂಗೆ ಹೊರಟಿದ್ದಾನೆ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಫೈಲಿನ ಮೇಲೇ ಪಾರ್ಸಲ್ ಇಟ್ಟುಕೊಂಡು ಬಿಚ್ಚಿದ. ಹೊರಗೆ ನ್ಯೂಸ್ ಪೇಪರ್, ಒಳಗೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮೂರು ಇಡ್ಲಿ. ಪಕ್ಕದಲ್ಲಿ ಚಟ್ನಿ ಒಂದು ಕವರಿನಲ್ಲಿ, ಸಾಂಬಾರು ಇನ್ನೊಂದರಲ್ಲಿ. ಎರಡಕ್ಕೂ ದಾರ ಸುತ್ತಿ ಸುತ್ತಿ ಬಿಗಿದಿದ್ದರು. ಹುಡುಗ ಉಗುರಿನಿಂದ ದಾರ ಬಿಚ್ಚಲು ನೋಡಿದ, ಆಗಲಿಲ್ಲ. ಸಾಂಬಾರಿನ ಕವರನ್ನು ಬಾಯಿಗೆ ತೆಗೆದುಕೊಂಡು ಮೂಲೆ ಕಚ್ಚಿದ. ಎಲಿಯೂರು ದಾಟುವಾಗ ಗಾಡಿ ಒಮ್ಮೆ ಜೋಲಿ ಹೊಡೆಯಿತು ನೋಡಿ, ಅಷ್ಟೇ. ಕಾಲರಿನಿಂದ ಜೇಬಿನವರೆಗೆ ಸಾಂಬಾರು.

ಇಡೀ ಬೋಗಿ ಎದ್ದು ನಿಂತಿತು. ಒಬ್ಬರು ನೀರು ಕೊಟ್ಟರು, ಒಬ್ಬರು ಕರ್ಚೀಫು, ಇನ್ನೊಬ್ಬರು ಬ್ಯಾಗಿನಿಂದ ಪೌಡರ್ ಡಬ್ಬ ತೆಗೆದರು. "ಅಕ್ಕಾ, ಕಲೆ ಹೋಗುತ್ತಾ?" ಅಂತ ನನ್ನನ್ನು ಕೇಳಿದ. ಅರಿಶಿನದ ಕಲೆ ಹೋಗುತ್ತಾ? ಹೋಗುತ್ತೆ ಕಣಪ್ಪ ಅಂದೆ. ಆಮೇಲೆ ಆ ಪೇಪರು, ಹಾಳೆ, ಸೋರುವ ಎರಡು ಕವರು ಎಲ್ಲವನ್ನೂ ಉಂಡೆ ಕಟ್ಟಿ ಕೈಯಲ್ಲಿ ಹಿಡಿದುಕೊಂಡು ಅತ್ತ ಇತ್ತ ನೋಡಿದ. ಶ್ರೀರಂಗಪಟ್ಟಣದ ಸೇತುವೆ ಬಂತು. ಕಾವೇರಿಗೆ ಕೈಮುಗಿಯುವವರು ಮುಗಿದರು. ಅವನು ಉಂಡೆಯನ್ನು ಕಿಟಕಿಯಾಚೆ ಬಿಟ್ಟ.

ಯಾರೂ ಬೈಯಲಿಲ್ಲ. ನಾನೂ ಬೈಯಲಿಲ್ಲ. ಬೈಯಬೇಕಿತ್ತು, ನಿಜ. ಆದರೆ ಸಾಂಬಾರು ತೊಟ್ಟಿಕ್ಕುವ ಉಂಡೆಯನ್ನು ಅವನು ಎಲ್ಲಿಡಬೇಕಿತ್ತು? ಜೇಬಿನಲ್ಲೋ, ಫೈಲಿನಲ್ಲೋ? ಕಸದ ಬುಟ್ಟಿ ಬೋಗಿಯ ಆ ತುದಿಯಲ್ಲಿ, ನಡುವೆ ನಿಂತ ಜನ.

ಆವತ್ತಿನಿಂದ ನನಗೆ ಒಂದೇ ಯೋಚನೆ. ಆ ಪಾರ್ಸಲ್ ಕಟ್ಟಿದ್ದು ಮನೆಗೆ ಒಯ್ಯುವವರಿಗೆ. ಮನೆಯಲ್ಲಿ ತಟ್ಟೆ ಇದೆ, ಬಟ್ಟಲಿದೆ, ದಾರ ಕತ್ತರಿಸಲು ಕತ್ತರಿ ಇದೆ, ಕೈ ತೊಳೆಯಲು ನಲ್ಲಿ ಇದೆ. ರೈಲಿನಲ್ಲಿ ಇರೋದು ಒಂದು ತೊಡೆ. ಅದೂ ಅಲ್ಲಾಡುತ್ತಿರುತ್ತದೆ. ಒಂದು ಕೈಯಲ್ಲಿ ಬಿಚ್ಚಬೇಕು, ಇನ್ನೊಂದು ಕೈಯಲ್ಲಿ ಬ್ಯಾಗೋ ಕಂಬಿಯೋ ಇರುತ್ತದೆ. ಇಪ್ಪತ್ತು ನಿಮಿಷದಲ್ಲಿ ತಿಂದು ಮುಗಿಯಬೇಕು. ಮುಗಿದ ಮೇಲೆ ಉಳಿಯುವುದು ಒಣಗಿರಬೇಕು, ಮುಷ್ಟಿಯಷ್ಟಾಗಬೇಕು, ಇಳಿಯುವವರೆಗೆ ಬ್ಯಾಗಿನ ಮೂಲೆಯಲ್ಲಿ ಇಟ್ಟುಕೊಂಡರೂ ವಾಸನೆ ಹೊಡೆಯಬಾರದು. ಪರಿಸರಸ್ನೇಹಿ ಪ್ಯಾಕಿಂಗ್ ಅಂದ ಕೂಡಲೇ ನಾವು ಯಾವ ವಸ್ತು ಅಂತ ಕೇಳುತ್ತೇವೆ. ಬಾಳೆಯಾ, ಕಬ್ಬಾ, ಕಾಗದಾನಾ ಅಂತ. ಮೊದಲು ತೊಡೆಯನ್ನು ನೋಡಿ ಅಂತ ನನ್ನ ಕೋರಿಕೆ.

ತೊಡೆಯ ಮೇಲೆ ಇಟ್ಟು ನೋಡಿದರೆ ಕಳ್ಳ ಯಾರು ಅಂತ ತಕ್ಷಣ ಗೊತ್ತಾಗುತ್ತೆ. ನೀರು. ಇಡ್ಲಿಗೆ ಪ್ಲಾಸ್ಟಿಕ್ ಬೇಕಿಲ್ಲ, ವಡೆಗೂ ಬೇಕಿಲ್ಲ. ಬೇಕಾಗಿರೋದು ನೀರು ಚಟ್ನಿಗೆ, ಸಾಂಬಾರಿಗೆ. ತಿಂಡಿ ತೆಳ್ಳಗಿದ್ದಷ್ಟು ದಿನ ಕವರು ನಮ್ಮನ್ನು ಬಿಡುವುದಿಲ್ಲ. ಹಾಗಾಗಿ ಪೊಟ್ಟಣಕ್ಕಿಂತ ಮೊದಲು ತಿಂಡಿಯನ್ನೇ ರೈಲಿಗೆ ಹೊಂದಿಸಬೇಕು.

ಇದೇನು ಹೊಸ ಮಾತಲ್ಲ. ನಮ್ಮ ಜಿಲ್ಲೆಯಲ್ಲಿ ಒಬ್ಬರು ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಾರೆ. ಮದ್ದೂರು ವಡೆಯ ಕಥೆ ನಿಮಗೆಲ್ಲ ಗೊತ್ತಲ್ಲ? 1917ರಲ್ಲಿ ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು, ಗಾಡಿ ಬಂದುಬಿಡುತ್ತೆ ಅನ್ನುವ ಅವಸರದಲ್ಲಿ ಪಕೋಡದ ಹಿಟ್ಟನ್ನೇ ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು ಅಂತ ಹೇಳುತ್ತಾರೆ. ಕಥೆ ಎಷ್ಟು ನಿಜವೋ, ವಡೆಯಂತೂ ನಿಜ. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ, ಕರಿಬೇವು ಎಲ್ಲ ಒಳಗೇ ಇದೆ. ಚಟ್ನಿ ಇಲ್ಲದೆಯೂ ನಡೆಯುತ್ತೆ. ಒಂದು ಕೈಯಲ್ಲಿ ಹಿಡಿದು ನಿಂತುಕೊಂಡೇ ತಿನ್ನಬಹುದು. ಸೋರಲ್ಲ, ಚೆಲ್ಲಲ್ಲ, ಮಾರನೇ ದಿನಕ್ಕೂ ಕೆಡಲ್ಲ. ಒಂದು ತುಂಡು ಎಲೆ ಸುತ್ತಿದರೆ ಸಾಕು. ಪ್ಯಾಕಿಂಗ್ ವಿನ್ಯಾಸಕ್ಕೆ ಬಹುಮಾನ ಕೊಡೋದಾದರೆ ನಾನು ಈ ವಡೆಗೇ ಕೊಡುತ್ತೇನೆ.

ನಮ್ಮ ಅಜ್ಜಿಯರ ಪ್ರಯಾಣದ ಬುತ್ತಿಯೂ ಹೀಗೇ ಇತ್ತು. ಪುಳಿಯೋಗರೆ, ಚಿತ್ರಾನ್ನ, ಚಪಾತಿಗೆ ಎಣ್ಣೆ ಬಿಟ್ಟ ಚಟ್ನಿಪುಡಿ, ತೀರಾ ಅಂದರೆ ಗಟ್ಟಿ ಮೊಸರನ್ನ. ದಾರಿಗೆ ಅಂತ ಯಾರೂ ಸಾರು ಕಟ್ಟುತ್ತಿರಲಿಲ್ಲ. ಹೋಟೆಲಿನವರೇ, ರೈಲಿಗೆ ಕಟ್ಟೋ ಪಾರ್ಸಲ್ ಅಂತ ಬೇರೆಯೇ ಮಾಡಿ. "ರೈಲಿಗಾ, ಮನೆಗಾ?" ಅಂತ ಕೌಂಟರಿನಲ್ಲಿ ಒಂದು ಮಾತು ಕೇಳಿ. ರೈಲಿಗೆ ಅಂದರೆ ಗಟ್ಟಿ ಚಟ್ನಿ, ಉರಿಗಡಲೆ ಜಾಸ್ತಿ ಹಾಕಿ ಉಂಡೆ ಕಟ್ಟುವಷ್ಟು ಗಟ್ಟಿ. ಇಲ್ಲವೇ ಇಡ್ಲಿಗೆ ಮೊದಲೇ ತುಪ್ಪ, ಚಟ್ನಿಪುಡಿ ಸವರಿ ಕೊಡಿ. ಸಾಂಬಾರು ಬೇಕೇ ಬೇಕು ಅನ್ನುವವರು ಮೈಸೂರಿನಲ್ಲಿ ಇಳಿದು, ಕೂತು, ಅದ್ದಿಕೊಂಡು ತಿನ್ನಲಿ. ಅದರ ಸುಖವೇ ಬೇರೆ.

ಈಗ ಪೊಟ್ಟಣಕ್ಕೆ ಬರೋಣ.

ಕಾನೂನು ಇಲ್ಲ ಅಂತಲ್ಲ. ನಮ್ಮ ರಾಜ್ಯ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಕವರು, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಇಡೀ ದೇಶದಲ್ಲೇ ನಿಷೇಧ. ನ್ಯೂಸ್ ಪೇಪರಿನಲ್ಲಿ ತಿಂಡಿ ಕಟ್ಟಬಾರದು, ಅದರ ಶಾಯಿ ಹೊಟ್ಟೆಗೆ ಒಳ್ಳೆಯದಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮವೇ ಇದೆ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಹಾಕಬಾರದು ಅಂತ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹೇಳಿತು. ಆದರೆ ಬೆಳಿಗ್ಗೆ ಆರೂವರೆಗೆ ಸಾಲಿನಲ್ಲಿ ಇಪ್ಪತ್ತು ಜನ ನಿಂತಿರುವಾಗ ಹೋಟೆಲಿನವರ ಕೈಗೆ ಸಿಗೋದು ಯಾವುದು? ಕವರು ಪೈಸೆ ಲೆಕ್ಕ, ಒಳ್ಳೆಯ ಬಾಕ್ಸು ರೂಪಾಯಿ ಲೆಕ್ಕ. ಇದನ್ನು ಮರೆತು ಮಾತಾಡಿದರೆ ಅವರು ತಲೆಯಾಡಿಸಿ ಸುಮ್ನೆ ಕಳಿಸುತ್ತಾರೆ.

ಹಸಿರು ಅಂತ ಮಾರುವುದರಲ್ಲೂ ಬೇಕಾದಷ್ಟು ಮೋಸ ಇದೆ. ಪೇಪರ್ ಲೋಟ ಪೇಪರ್ ಮಾತ್ರ ಅಲ್ಲ, ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತೆ. ಬಿಸಿ ಕಾಫಿ ಸೋರದೆ ನಿಲ್ಲುವುದು ಅದರಿಂದಲೇ. ಜೋಳದ ಪಿಷ್ಟದಿಂದ ಮಾಡಿದ ಪ್ಲಾಸ್ಟಿಕ್, ಮಣ್ಣಾಗುತ್ತೆ ಅಂತಾರೆ. ಆಗುತ್ತೆ, ಆದರೆ 60 ಡಿಗ್ರಿಯ ಹತ್ತಿರ ಬಿಸಿ ಇರುವ ದೊಡ್ಡ ಕಾಂಪೋಸ್ಟ್ ಘಟಕದಲ್ಲಿ. ಹಳಿಯ ಪಕ್ಕ ಬಿದ್ದರೆ ಅದೂ ವರ್ಷಗಟ್ಟಲೆ ಬಿದ್ದಿರುತ್ತೆ. ಬೆಳ್ಳಿ ಬಣ್ಣದ ಅಲ್ಯುಮಿನಿಯಂ ಡಬ್ಬಿ ಚೆನ್ನಾಗಿದೆ, ಕರಗಿಸಿ ಮತ್ತೆ ಬಳಸಲೂಬಹುದು. ಆದರೆ ಅನ್ನ ಅಂಟಿದ ಡಬ್ಬಿಯನ್ನು ತೊಳೆದು ಆರಿಸುವವರು ಯಾರು? ಜೊತೆಗೆ ಹುಣಸೆಹುಳಿಗೂ ಅಲ್ಯುಮಿನಿಯಂಗೂ ಆಗಿಬರಲ್ಲ ಅಂತ ನಮ್ಮ ಅಡುಗೆಮನೆಗಳಿಗೇ ಗೊತ್ತು.

ಕಬ್ಬಿನ ಸಿಪ್ಪೆಯ ತಟ್ಟೆ, ಬಾಕ್ಸುಗಳ ಮೇಲೆ ನನಗೆ ಆಸೆ ಇದೆ. ಮಂಡ್ಯದವಳಾಗಿ ಇಲ್ಲದಿದ್ದರೆ ಹೇಗೆ? ನಮ್ಮೂರಿನ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾಗಿದ್ದು 1933ರಲ್ಲಿ. ಅರೆದ ಒಂದು ಟನ್ ಕಬ್ಬಿಗೆ ಸುಮಾರು 300 ಕೆಜಿ ಹಸಿ ಸಿಪ್ಪೆ ಉಳಿಯುತ್ತದೆ. ರೈಲ್ವೆಗೂ ಇದು ಹೊಸದಲ್ಲ. 2018ರ ಪರಿಸರ ದಿನದಂದು ದೆಹಲಿಯಿಂದ ಹೊರಡುವ ಕೆಲವು ರಾಜಧಾನಿ, ಶತಾಬ್ದಿ ಗಾಡಿಗಳಲ್ಲಿ ಇಂಥ ತಟ್ಟೆಯಲ್ಲೇ ಊಟ ಕೊಡಲು ಶುರು ಮಾಡಿದರು. ಆದರೆ ಆಲೆಮನೆಯ ಪಕ್ಕ ಒಣಗಲು ಹರಡಿದ ಸಿಪ್ಪೆಯನ್ನು ನೋಡಿ, ಇದೆಲ್ಲ ಸುಮ್ನೆ ಬಿದ್ದಿದೆ ಅಂದುಕೊಳ್ಳಬೇಡಿ. ಬೆಲ್ಲದ ಕೊಪ್ಪರಿಗೆಯ ಕೆಳಗೆ ಉರಿಯುವುದು ಅದೇ. ಕಾರ್ಖಾನೆಯ ಬಾಯ್ಲರಿಗೂ ಅದೇ. ತಟ್ಟೆಯಾಗಬೇಕಾದರೆ ಒಳಗಿನ ಮೆದು ಹೊಟ್ಟನ್ನು ಬೇರೆ ಮಾಡಬೇಕು, ನಾರನ್ನು ಬೇಯಿಸಿ ತಿರುಳು ಮಾಡಬೇಕು, ಬಿಸಿ ಅಚ್ಚಿನಲ್ಲಿ ಒತ್ತಬೇಕು. ಆಲೆಮನೆಯಲ್ಲಿ ಆಗುವ ಕೆಲಸ ಅಲ್ಲ. ಇನ್ನೊಂದು ತೊಡಕೂ ಇದೆ. ಎಣ್ಣೆ ಇಳಿಯದಿರಲಿ ಅಂತ ಇಂಥ ತಟ್ಟೆಗಳಿಗೆ ಕೆಲವರು ಫ್ಲೋರಿನ್ ಇರುವ ರಾಸಾಯನಿಕ ಸೇರಿಸುತ್ತಾರೆ. ಅದು ಮಣ್ಣಿನಲ್ಲೂ ಕರಗಲ್ಲ, ಮೈಯಲ್ಲೂ ಕರಗಲ್ಲ. ಕಾಗದದ ಪ್ಯಾಕಿಂಗಿನಲ್ಲಿ ಇದನ್ನು ಡೆನ್ಮಾರ್ಕ್ 2020ರಲ್ಲೇ ನಿಷೇಧಿಸಿತು. ಹಾಗಾಗಿ ಕೊಳ್ಳುವಾಗ ಕೇಳಲೇಬೇಕು: ಏನು ಬಳಿದಿದ್ದೀರಿ?

ಇನ್ನು ಎಲೆ. ಇಲ್ಲಿ ನನ್ನ ಸ್ವಂತ ಪೆಟ್ಟಿನ ಕಥೆ ಇದೆ.

ಆ ಸೋಮವಾರ ಆದಮೇಲೆ ನಾನೇ ಎಲೆ ಪೊಟ್ಟಣ ಕಟ್ಟಿ ನೋಡೋಣ ಅಂತ ಹೊರಟೆ. ಹಿತ್ತಿಲಿನ ಬಾಳೆ ಎಲೆ ಕೊಯ್ದು, ತೊಳೆದು, ಟೊಮೆಟೊ ಬಾತ್ ಹಾಕಿ ಮಡಚಿ ದಾರ ಕಟ್ಟಿದೆ. ಪಾಂಡವಪುರ ಬರುವಷ್ಟರಲ್ಲಿ ಎಲೆ ನರದ ಗುಂಟ ಸೀಳಿ, ಬಾತ್ ನನ್ನ ಪಾಸಿನ ಮೇಲೆ. ಸಂಜೆ ಮನೆಯಲ್ಲಿ ಹೇಳಿದರೆ ನಮ್ಮ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಎಲೇನ ಬಾಡಿಸ್ದೆ ಕಟ್ಟಿದ್ಯಲ್ಲವ್ವ, ಹರೀದೆ ಇನ್ನೇನಾದದು?" ಅಂದರು.

ಮಾರನೇ ಬೆಳಿಗ್ಗೆ ತೋರಿಸಿಕೊಟ್ಟರು. ಎಲೆಯ ಹಿಂದಿನ ದಪ್ಪ ದಂಟನ್ನು ಈಳಿಗೆಯಲ್ಲಿ ಸವರಿ ತೆಳು ಮಾಡಿದರು. ಸಣ್ಣ ಉರಿಯ ಮೇಲೆ ಎಲೆಯನ್ನು ಆಡಿಸುತ್ತಾ ಹೋದರು, ಒಂದು ಕಡೆಯೂ ನಿಲ್ಲಿಸದೆ. ತಿಳಿಹಸಿರು ನೋಡನೋಡುತ್ತಲೇ ಕಡುಹಸಿರಾಯಿತು. ಮೇಲಿನ ಮೇಣ ಕರಗಿ ಎಣ್ಣೆ ಸವರಿದ ಹಾಗೆ ಮಿಂಚಿತು. ಆಮೇಲೆ ಅದನ್ನು ಬಟ್ಟೆಯ ಹಾಗೆ ಮಡಚಬಹುದು, ಹರಿಯಲ್ಲ. ಎರಡು ತುಂಡನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟರು, ಒಂದರ ನರ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ. ಕಟ್ಟಲು ದಾರ ಬೇಡ ಅಂದರು. ಹೂವು ಕಟ್ಟುವವರು ಬಳಸುತ್ತಾರಲ್ಲ, ಆ ಒಣ ಬಾಳೆಪಟ್ಟೆಯ ಎಳೆಯನ್ನು ನೀರಿನಲ್ಲಿ ನೆನೆಸಿಟ್ಟಿದ್ದರು. ನೆನೆಸದಿದ್ದರೆ ಗಂಟು ಹಾಕುವಾಗ ಪಟ್ ಅನ್ನುತ್ತೆ. ಕೊನೆಗೆ ಜೀರುಗುಣಿಕೆ. ತುದಿ ಎಳೆದರೆ ಬಿಚ್ಚಿತು. ಹಲ್ಲು ಬೇಡ, ಕತ್ತರಿ ಬೇಡ. ಆ ಹುಡುಗನಿಗೆ ಸಿಗಬೇಕಾಗಿದ್ದದ್ದು ಈ ಗಂಟು.

ಆಮೇಲಿನ ತಿದ್ದುಪಡಿ ನನ್ನದು. ಎಲೆ ಪೊಟ್ಟಣ ತೊಡೆಯ ಮೇಲೆ ನಿಲ್ಲಲ್ಲ, ಜಾರುತ್ತೆ. ಅಡಿಗೆ ಗಟ್ಟಿ ಏನಾದರೂ ಬೇಕು. ಒಂದು ಗೇಣು ಅಗಲದ ರಟ್ಟಿನ ಹಲಗೆ ಇಟ್ಟು, ಅದರ ನಡುವೆ ಗೆರೆ ಕೊರೆದೆ. ತಿನ್ನುವಾಗ ಅದು ತಟ್ಟೆ. ತಿಂದಮೇಲೆ ಎಲೆಯನ್ನು ಒಳಕ್ಕೆ ಸುತ್ತಿ, ಹಲಗೆಯನ್ನು ಗೆರೆಯಲ್ಲಿ ಮಡಚಿ, ಅದೇ ನಾರಿನಲ್ಲಿ ಕಟ್ಟಿದರೆ ಪುಸ್ತಕದಷ್ಟಾಗುತ್ತೆ. ಗಟ್ಟಿ ಚಟ್ನಿ ಒಂದು ಪುಟ್ಟ ದೊನ್ನೆಯಲ್ಲಿ, ಎರಡು ಇಡ್ಲಿಯ ನಡುವೆ ಒತ್ತಿ ಕೂತಿರುತ್ತೆ. ಬಿಸಿ ಇಡ್ಲಿ ಡಬ್ಬಿಯೊಳಗೆ ಬೆವರಿ ಅಂಟಂಟಾಗುವ ಹಾಗೆ ಇದರಲ್ಲಿ ಆಗಲ್ಲ, ಹಬೆಗೆ ಮಡಿಕೆಗಳಲ್ಲಿ ದಾರಿ ಇದೆ. ನಾಲ್ಕು ತಿಂಗಳಿಂದ ವಾರಕ್ಕೆ ಮೂರು ದಿನ ಹೀಗೇ ತರುತ್ತಿದ್ದೇನೆ. ಎರಡು ಸಲ ಸೋತಿದ್ದೇನೆ, ಎರಡು ಸಲವೂ ಚಟ್ನಿಗೆ ನೀರು ಜಾಸ್ತಿಯಾಗಿ.

ಬಾಳೆಗೂ ಮಿತಿ ಇದೆ. ವರಮಹಾಲಕ್ಷ್ಮಿ, ಗೌರಿ ಹಬ್ಬ, ದಸರಾ ಬಂತೆಂದರೆ ದೇವರಾಜ ಮಾರುಕಟ್ಟೆಯಲ್ಲಿ ಎಲೆಯ ರೇಟು ಕೇಳುವ ಹಾಗಿಲ್ಲ. ಕೊಯ್ದ ಎಲೆ ಇಟ್ಟರೆ ಒಣಗುತ್ತೆ. ಆಗ ಮುತ್ತುಗದ ಎಲೆ ನೆರವಿಗೆ ಬರುತ್ತೆ. ಬೇಸಿಗೆಯಲ್ಲಿ ಕಿತ್ತು, ಒಣಗಿಸಿ, ಕಟ್ಟಿಟ್ಟರೆ ತಿಂಗಳುಗಟ್ಟಲೆ ಇರುತ್ತೆ. ಕಡ್ಡಿಯಿಂದ ಹಚ್ಚಿದ ಇಸ್ತ್ರಿ ಎಲೆ ತೊಡೆಗೆ ಚುಚ್ಚುತ್ತೆ ಅನ್ನೋದು ನಿಜ. ಈಗ ಬಿಸಿ ಅಚ್ಚಿನಲ್ಲಿ ಒತ್ತಿದ್ದೂ ಸಿಗುತ್ತೆ. ಅಡಿಕೆ ಹಾಳೆ ತಟ್ಟೆ ಗಟ್ಟಿಯಾಗಿದೆ, ಅಡಿಹಲಗೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ತಟ್ಟೆಗಳಿಗೆ ತನ್ನ ಅನುಮತಿ ಇಲ್ಲ ಅಂದಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಅಂಶ ಊಟಕ್ಕೆ ಇಳಿಯಬಹುದು ಅನ್ನುವುದು ಅದರ ಆತಂಕ. ಮದುವೆಮನೆಯಲ್ಲಿ ಹಾಳೆ ತಟ್ಟೆಯಲ್ಲಿ ಉಂಡವರು ನಾವೆಲ್ಲ, ಗಾಬರಿ ಬೀಳಬೇಕಿಲ್ಲ. ಆದರೆ ಪರೀಕ್ಷೆ ಮಾಡಿಸದೆ ಸಾವಿರಾರು ಜನಕ್ಕೆ ಕೊಡುವುದೂ ಬೇಡ. ಪರೀಕ್ಷೆಗೆ ದೂರ ಹೋಗಬೇಕಾಗಿಯೂ ಇಲ್ಲ. 1950ರಿಂದ ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಅಲ್ಲಿ ಆಹಾರ ಪ್ಯಾಕಿಂಗಿಗೇ ಒಂದು ವಿಭಾಗ ಇದೆ. ಸೈನಿಕರ ಊಟವನ್ನು ತಿಂಗಳುಗಟ್ಟಲೆ ಕೆಡದ ಹಾಗೆ ಪೊಟ್ಟಣ ಮಾಡುವ, ಡಿಎಫ್‌ಆರ್‌ಎಲ್ ಅಂತ ಹೆಸರಾದ ರಕ್ಷಣಾ ಪ್ರಯೋಗಾಲಯ ಕೂಡ ಇದೇ ಊರಿನಲ್ಲಿದೆ. ಸಿಯಾಚಿನ್‌ಗೆ ಊಟ ಕಟ್ಟುವ ಊರು ಶ್ರೀರಂಗಪಟ್ಟಣದವರೆಗೆ ಇಡ್ಲಿ ಕಟ್ಟಲಾರದೇ?

ಇನ್ನೊಂದು ವಿಷಯ ಇದೆ. ನನ್ನ ಪ್ರಕಾರ ಎಲ್ಲಕ್ಕಿಂತ ಸುಲಭದ್ದು ಇದೇ. ಪಾಸಿನವರು ಬೆಳಿಗ್ಗೆ ಹೋಗಿ ಸಂಜೆ ಅದೇ ಸ್ಟೇಷನ್ನಿಗೆ ವಾಪಸ್ ಬರುತ್ತಾರೆ. ದಿನಾ ಅದೇ ಮುಖ, ಅದೇ ಗಾಡಿ. ಇಂಥವರಿಗೆ ಒಮ್ಮೆ ಬಳಸಿ ಬಿಸಾಡುವ ಪೊಟ್ಟಣವೇ ಯಾಕೆ ಬೇಕು? ಒಂದು ಸ್ಟೀಲ್ ಡಬ್ಬಿ ಕೊಡಿ, ಮುಂಗಡ ನೂರೋ ನೂರೈವತ್ತೋ ಇಟ್ಟುಕೊಳ್ಳಿ. ಬೆಳಿಗ್ಗೆ ತುಂಬಿದ ಡಬ್ಬಿ ಒಯ್ಯುತ್ತೇವೆ, ಸಂಜೆ ಖಾಲಿ ಡಬ್ಬಿ ಕೊಟ್ಟು ಮನೆಗೆ ಹೋಗುತ್ತೇವೆ. ಮುಚ್ಚಳ ಬಿಗಿ ಇದ್ದರೆ ಸಾಂಬಾರೂ ಬರಬಹುದು, ಸಾಂಬಾರಿನ ಭಕ್ತರಿಗೆ ಬೇಜಾರಿಲ್ಲ. ಡಬ್ಬಿ ತೊಳೆಯುವ ನೀರು, ಆಳಿನ ಕೂಲಿ ಲೆಕ್ಕಕ್ಕೆ ಬರುತ್ತೆ, ಒಪ್ಪುತ್ತೇನೆ. ಆದರೆ ಹೋಟೆಲಿನಲ್ಲಿ ತಟ್ಟೆ ತೊಳೆಯುವುದು ಹೇಗೂ ನಡೆದೇ ಇದೆ. ಒಮ್ಮೆ ಬಂದು ಹೋಗುವ ಪ್ರಯಾಣಿಕರಿಗೆ ಎಲೆ, ದಿನಾ ಬರುವವರಿಗೆ ಡಬ್ಬಿ. ಎರಡನ್ನೂ ಒಂದೇ ಪೊಟ್ಟಣದಲ್ಲಿ ತುರುಕಲು ಹೋದರೇ ಕೆಲಸ ಕೆಡೋದು.

ಡಿಆರ್‌ಎಂ ಸಾಹೇಬರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಎಲ್ಲ ಸ್ಟೇಷನ್ನಿಗೂ ಒಂದೇ ಆದೇಶ ಬೇಡ. 2004ರಲ್ಲಿ ಆಗಿನ ರೈಲ್ವೆ ಮಂತ್ರಿ ಲಾಲು ಪ್ರಸಾದರು ರೈಲ್ವೆಗೆ ಮಣ್ಣಿನ ಕುಲ್ಹಡ್ ತಂದರು. ಒಳ್ಳೆಯ ಯೋಚನೆಯೇ. ಆದರೆ ಕುಂಬಾರರ ಊರು ಹತ್ತಿರ ಇರುವ ಕಡೆ ಹೊಂದುವ ಲೋಟ ದೇಶಕ್ಕೆಲ್ಲ ಹೊಂದಲಿಲ್ಲ. ನಮ್ಮ ಕಡೆ ಇರುವುದು ಎಲೆ, ನಾರು, ಕಬ್ಬು. ಮೈಸೂರು ಸ್ಟೇಷನ್ನಿನ ಒಂದೇ ಒಂದು ಮಳಿಗೆಯಲ್ಲಿ ಮೂರು ತಿಂಗಳು ಇದನ್ನು ಮಾಡಿ ನೋಡೋಣ. ಆಯಾ ಊರಿನ ಉತ್ಪನ್ನ ಮಾರಲು ಸ್ಟೇಷನ್ನಿನಲ್ಲೇ ಜಾಗ ಕೊಡುವ ಒಂದು ನಿಲ್ದಾಣ ಒಂದು ಉತ್ಪನ್ನ ಅನ್ನುವ ಯೋಜನೆ 2022ರಿಂದ ಇದ್ದೇ ಇದೆ. ಎಲೆ ಹಚ್ಚುವ, ದೊನ್ನೆ ಮಾಡುವ ಹೆಂಗಸರ ಸಂಘಕ್ಕೆ ಅದರಲ್ಲಿ ಒಂದು ಸರದಿ ಕೊಡಬಹುದು. ಅವರು ಮಾಡಿದ ಪೊಟ್ಟಣವನ್ನು ಎದುರಿನ ಹೋಟೆಲಿನವರು ಸಗಟಿನಲ್ಲಿ ಕೊಳ್ಳಲಿ. ಎರಡು ರೂಪಾಯಿ ಜಾಸ್ತಿಯಾದರೆ ಬಿಲ್ಲಿನಲ್ಲಿ ಬೇರೆ ಸಾಲಿನಲ್ಲೇ ಹಾಕಿ, ನಾವು ಕೊಡುತ್ತೇವೆ. ಸುಳ್ಳು ಹೇಳಲ್ಲ, ಕೆಲವರು ಗೊಣಗುತ್ತಾರೆ. ಇಳಿಯುವ ಬಾಗಿಲಿನ ಎದುರಿಗೇ, ಪ್ಲಾಟ್‌ಫಾರಂ ಮೇಲೆ ಎಲೆಗೆ ಅಂತಲೇ ಒಂದು ಬುಟ್ಟಿ ಇಡಿಸಿ. ಅದರಲ್ಲಿ ಎಲೆ, ನಾರು ಬಿಟ್ಟು ಬೇರೇನೂ ಇಲ್ಲದಿದ್ದರೆ ಗೊಬ್ಬರದ ಗುಂಡಿಗೆ ನೇರ ಹೋಗುತ್ತೆ. ಹಸು ಬಾಯಿ ಹಾಕಿದರೂ ತೊಂದರೆ ಇಲ್ಲ.

ಮೂರು ತಿಂಗಳಲ್ಲಿ ಎಷ್ಟು ಪೊಟ್ಟಣ ಹೋಯಿತು, ಎಷ್ಟು ಸೋರಿತು, ಎಷ್ಟು ಡಬ್ಬಿ ವಾಪಸ್ ಬರಲಿಲ್ಲ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಕೆಲಸ ನಮ್ಮ ಬೋಗಿಯವರೇ ಮಾಡುತ್ತೇವೆ. ನಮ್ಮಲ್ಲಿ ಇಬ್ಬರು ಲೆಕ್ಕದ ಮೇಷ್ಟ್ರು ಇದ್ದಾರೆ, ದಾರಿಯುದ್ದಕ್ಕೂ ಅವರಿಗೆ ಬೇರೆ ಕೆಲಸವಿಲ್ಲ.

ಅಥವಾ ಹೀಗೆ ಮಾಡಿ. ಯಾವುದಾದರೂ ಒಂದು ಬೆಳಿಗ್ಗೆ ಮಂಡ್ಯದಿಂದ ನಮ್ಮ ಜೊತೆ ಹತ್ತಿ. ಅತ್ತೆಗೆ ಹೇಳಿ ಒಂದು ಪೊಟ್ಟಣ ಹೆಚ್ಚಿಗೆ ಕಟ್ಟಿಸಿಕೊಂಡು ಬರುತ್ತೇನೆ. ಮೂರು ಇಡ್ಲಿ, ಗಟ್ಟಿ ಚಟ್ನಿ. ಎಲಿಯೂರಿನ ಹತ್ತಿರ ಬಿಚ್ಚೋಣ. ಬಿಳಿ ಶರ್ಟು ಹಾಕಿಕೊಂಡೇ ಬನ್ನಿ.

ಇಂತಿ,
ಮಂಡ್ಯದ ಒಬ್ಬ ಪಾಸ್ ಪ್ರಯಾಣಿಕಳು